ಮಳೆಗಾಲದಲ್ಲೂ ಗರಿಗರಿ ಆನಿಯನ್ ರಿಂಗ್ಸ್: ಹಿಟ್ಟು ಜಾರೋದು, ಮೆತ್ತಗಾಗೋದು ಎಂಥಕ್ಕೆ?

ಪ್ರಶ್ನೆ: ನಮ್ಮದು ಹೊಸನಗರದ ಹತ್ರ ಹಳ್ಳಿ. ಮಕ್ಕಳು ಶಿವಮೊಗ್ಗಕ್ಕೆ ಹೋದಾಗ ಆನಿಯನ್ ರಿಂಗ್ಸ್ ತಿಂದು ಬಂದು ಮನೇಲೂ ಮಾಡು ಅಂತ ಹಠ ಹಿಡಿದಿದ್ದಾರೆ. ಈ ಜುಲೈಯಲ್ಲಿ ಮೂರು ಸಲ ಮಾಡಿದೆ ಅಕ್ಕ. ಹಿಟ್ಟು ಈರುಳ್ಳಿಗೆ ನಿಲ್ಲೋದೇ ಇಲ್ಲ, ಕಚ್ಚಿದ್ರೆ ಈರುಳ್ಳಿ ಪೂರ್ತಿ ಜಾರಿ ಬಾಯಿಗೆ ಬಂದು ಹಿಟ್ಟಿನ ಬಳೆ ಮಾತ್ರ ಕೈಯಲ್ಲಿ ಉಳಿಯುತ್ತೆ, ಎಣ್ಣೆ ಬೇರೆ ತುಂಬಾ ಕುಡಿಯುತ್ತೆ, ಐದು ನಿಮಿಷಕ್ಕೆ ಮೆತ್ತಗಾಗುತ್ತೆ. ಆದ್ರೆ ಅದೇ ಕೈಯಲ್ಲಿ ಈರುಳ್ಳಿ ಬಜ್ಜಿ ಚೆನ್ನಾಗೇ ಬರುತ್ತೆ. ಎಲ್ಲಿ ತಪ್ತಾ ಇದೆ?

ಉತ್ತರ: ನಿಮ್ಮ ಕೊನೇ ಮಾತಲ್ಲೇ ಅರ್ಧ ಉತ್ತರ ಇದೆ ಮಾರಾಯ್ರೆ. ಬಜ್ಜಿ ಚೆನ್ನಾಗಿ ಬರುತ್ತೆ ಅಂದ್ರಲ್ಲ, ಆ ಬಜ್ಜಿ ಲೆಕ್ಕದಲ್ಲೇ ರಿಂಗ್ಸನ್ನೂ ಮಾಡ್ತಾ ಇದ್ದೀರಿ ಅನ್ಸುತ್ತೆ. ನಾನು 20 ವರ್ಷದಿಂದ ತೀರ್ಥಹಳ್ಳಿ ಸುತ್ತಮುತ್ತ ಮದುವೆ, ಗೃಹಪ್ರವೇಶ, ಶಾಲೆ ವಾರ್ಷಿಕೋತ್ಸವ ಅಂತ ಸಂಜೆ ತಿಂಡಿ ಮಾಡಿಕೊಡ್ತಾ ಬಂದಿದ್ದೀನಿ, ಬಜ್ಜಿ ಬೋಂಡ ಎಷ್ಟು ಕರಿದಿದ್ದೀನೋ ಲೆಕ್ಕ ಇಲ್ಲ, ಆದ್ರೂ ಈ ರಿಂಗ್ಸ್ ಅನ್ನೋದು ಕೈಗೆ ಹತ್ತೋಕೆ ನನಗೂ ಒಂದು ಮಳೆಗಾಲ ಪೂರ್ತಿ ಬೇಕಾಯ್ತು. ಹಾಗಾಗಿ ಮೂರು ಸಲಕ್ಕೆ ಬೇಜಾರು ಮಾಡ್ಕೋಬೇಡಿ.

ಈರುಳ್ಳಿ ಬಜ್ಜಿಗೆ ನಾವು ಎಂಥ ಮಾಡ್ತೀವಿ ಹೇಳಿ? ಈರುಳ್ಳಿ ಸೀಳಿ ಉಪ್ಪು ಹಾಕಿ ಕಿವುಚಿ ಹತ್ತು ನಿಮಿಷ ಬಿಡ್ತೀವಿ, ಅದು ಬಿಟ್ಟ ನೀರಲ್ಲೇ ಕಡ್ಲೆಹಿಟ್ಟು ಕಲಸ್ತೀವಿ. ಅಂದ್ರೆ ಈರುಳ್ಳಿ ನೀರು ಬಿಡೋದೇ ಅಲ್ಲಿ ನಮಗೆ ಬೇಕಾಗಿರೋದು. ಬಜ್ಜಿಲಿ ದಪ್ಪ ಹಿಟ್ಟು, ಬಾಣಲೆಯಿಂದ ನೇರ ತಟ್ಟೆಗೆ, ಬಿಸಿಬಿಸಿ ಬಾಯಿಗೆ, ಒಳಗೆ ಮೆತ್ತಗಿದ್ರೇನೇ ರುಚಿ. ರಿಂಗ್ಸ್ ಹಾಗಲ್ಲ. ತೆಳ್ಳನೆ ಹೊರಪದರ ಒಂದು ಬಳೆ ತರ ಗಟ್ಟಿಯಾಗಿ ನಿಂತ್ಕೋಬೇಕು, ಅದರ ಹೊಟ್ಟೆಯೊಳಗೆ ನೀರು ತುಂಬಿದ ಈರುಳ್ಳಿ ಬೇಯ್ತಾ ಇರುತ್ತೆ. ಈರುಳ್ಳಿಲಿ 100 ಗ್ರಾಂಗೆ ಹೆಚ್ಚುಕಡಿಮೆ 89 ಗ್ರಾಂ ನೀರೇ, ನೀವು ಅರ್ಧ ಕೇಜಿ ಈರುಳ್ಳಿ ತಗೊಂಡ್ರೆ ಅದರಲ್ಲಿ ಹತ್ರ ಹತ್ರ ಎರಡು ಲೋಟ ನೀರನ್ನ ಕಾದ ಎಣ್ಣೆಗೆ ಇಳಿಸ್ತಾ ಇದ್ದೀರಿ ಅಂತಾನೇ ಲೆಕ್ಕ. ನಿಮ್ಮ ನಾಲ್ಕೂ ತೊಂದರೆ, ಹಿಟ್ಟು ಜಾರೋದು, ಈರುಳ್ಳಿ ಕಿತ್ಕೊಂಡು ಬರೋದು, ಎಣ್ಣೆ ಕುಡಿಯೋದು, ಮೆತ್ತಗಾಗೋದು, ಎಲ್ಲ ಈ ನೀರಿಂದಲೇ ಶುರುವಾಗೋದು. ಈರುಳ್ಳಿ ಮೇಲಿನ ನೀರು, ಒಳಗಿನ ನೀರು, ಆಮೇಲೆ ನಮ್ಮೂರಿನ ಗಾಳಿಲಿರೋ ನೀರು, ಈ ಮೂರಕ್ಕೂ ಏನಾದ್ರೂ ಮಾಡ್ಲೇಬೇಕು.

ಮೊದಲು ಈರುಳ್ಳಿನೇ ನೋಡೋಣ. ರಿಂಗ್ಸಿಗೆ ದೊಡ್ಡದು, ಗಟ್ಟಿ, ಮೇಲಿನ ಸಿಪ್ಪೆ ಒಣಗಿ ಚರಚರ ಅನ್ನೋ ಈರುಳ್ಳಿ ಬೇಕು. ಜುಲೈ ಆಗಸ್ಟಲ್ಲಿ ನಮ್ಮ ಕಡೆ ಅಂಗಡಿಗೆ ಬರೋದು ಹೆಚ್ಚಾಗಿ ಬೇಸಿಗೇಲಿ ಕಿತ್ತು ದಾಸ್ತಾನಿಟ್ಟ ಮಹಾರಾಷ್ಟ್ರದ ಈರುಳ್ಳಿ, ಅದು ಒಣಗಿ ಬಿಗಿಯಾಗಿರುತ್ತೆ, ರಿಂಗ್ಸಿಗೆ ಅದೇ ಒಳ್ಳೇದು. ಸೆಪ್ಟೆಂಬರ್ ಅಕ್ಟೋಬರಿಗೆ ಚಿತ್ರದುರ್ಗ, ಗದಗ ಕಡೆಯ ಹೊಸ ಈರುಳ್ಳಿ ಬರೋಕೆ ಶುರುವಾಗುತ್ತಲ್ಲ, ಅದು ತಿನ್ನೋಕೆ ರುಚಿ, ಗೊಜ್ಜಿಗೆ, ಹಸಿ ಸಾಸಿವೆಗೆ ಬಹಳ ಚೆನ್ನ, ಆದ್ರೆ ನೀರು ಜಾಸ್ತಿ, ಕರಿಯೋಕೆ ಹೋದ್ರೆ ಗೋಳು. ಬೆಂಗಳೂರು ರೋಸ್ ಈರುಳ್ಳಿ ಅಂತ ಚಿಕ್ಕದು ಬರುತ್ತೆ, ಅದನ್ನ ಸಾಂಬಾರಿಗಿಟ್ಕೊಳ್ಳಿ, ಅದರಲ್ಲಿ ಉಂಗುರ ಆಗುತ್ತೆ ಹೊರತು ಬಳೆ ಆಗಲ್ಲ. ತಗೊಳ್ಳುವಾಗ ಕುತ್ತಿಗೆ ಹತ್ರ ಒತ್ತಿ ನೋಡಿ, ಮೆತ್ತಗಿದ್ರೆ ಬಿಟ್ಬಿಡಿ, ಮಳೆಗಾಲದಲ್ಲಿ ಒಳಗಿಂದ ಕೊಳೀತಾ ಬಂದಿರೋದು ಅಲ್ಲೇ ಗೊತ್ತಾಗೋದು.

ಹೆಚ್ಚೋದು ಅಡ್ಡಕ್ಕೆ, ಸುಮಾರು ಒಂದು ಸೆಂಟಿಮೀಟರ್ ದಪ್ಪ, ಅಂದ್ರೆ ಕಿರುಬೆರಳಿನ ಅಗಲ ಅಂದ್ಕೊಳ್ಳಿ. ಮೆಟ್ಟುಗತ್ತಿ ಮೇಲೆ ಕೂತು ಹೆಚ್ಚೋ ಅಭ್ಯಾಸ ಇದ್ರೆ ಇದೊಂದಕ್ಕೆ ಮಣೆ ಮತ್ತೆ ಚೂರಿ ತಗೊಳ್ಳಿ, ಮೆಟ್ಟುಗತ್ತಿಲಿ ಒಂದು ಬದಿ ದಪ್ಪ ಒಂದು ಬದಿ ತೆಳ್ಳಗೆ ಬಂದುಬಿಡುತ್ತೆ, ತೆಳ್ಳಗಿರೋ ಕಡೆ ಕಪ್ಪಾಗೋ ಹೊತ್ತಿಗೆ ದಪ್ಪ ಕಡೆ ಹಸಿಯಾಗೇ ಇರುತ್ತೆ. ಬಿಲ್ಲೆ ಬಿಲ್ಲೆ ಆದ್ಮೇಲೆ ಮೆಲ್ಲಗೆ ಒತ್ತಿ ಬಳೆ ಬೇರೆ ಬೇರೆ ಮಾಡಿ. ತೀರಾ ಮಧ್ಯದ್ದು ತೆಗೆದಿಡಿ, ಅದಕ್ಕೆ ಬೇರೆ ಕೆಲಸ ಇದೆ. ಹೊರಗಿನ ಮೂರ್ನಾಲ್ಕು ಪದರದ ಬಳೆಗಳೇ ಸಾಕು.

ಈಗ ನಿಮ್ಮ ದೊಡ್ಡ ತೊಂದರೆ. ಒಂದು ಬಳೆ ಕೈಗೆ ತಗೊಂಡು ಒಳಬದಿ ಉಗುರಲ್ಲಿ ಕೆರೆದು ನೋಡಿ. ಟಿಶ್ಯೂ ಕಾಗದದ ತರ ತೆಳ್ಳನೆ, ಪಾರದರ್ಶಕ ಪೊರೆ ಒಂದು ಎದ್ದು ಬರುತ್ತೆ. ಎಲ್ಲ ಪದರದ ಒಳಮೈಗೂ ಅದು ಇರುತ್ತೆ. ಅದು ಜಾರುತ್ತೆ, ಹಿಟ್ಟಿಗೆ ಹಿಡ್ಕೊಳ್ಳೋಕೆ ಎಡೆ ಕೊಡಲ್ಲ, ಎಣ್ಣೆಗೆ ಬಿದ್ದಾಗ ಈರುಳ್ಳಿಯ ಹಬೆ ಆ ಪೊರೆಗೂ ಹಿಟ್ಟಿಗೂ ನಡುವೆ ಸೇರ್ಕೊಂಡು ಹಿಟ್ಟನ್ನ ಉಬ್ಬಿಸಿ ದೂರ ತಳ್ಳುತ್ತೆ. ಇನ್ನೂ ಒಂದು ಕೆಟ್ಟ ಗುಣ ಅಂದ್ರೆ ಅದು ಬೇಯೋದೇ ಇಲ್ಲ, ರಬ್ಬರ್ ತರ ಎಳ್ಕೊಳ್ಳುತ್ತೆ, ನೀವು ಕಚ್ಚಿದಾಗ ಹಲ್ಲಿಗೆ ತುಂಡಾಗದೆ ಈರುಳ್ಳಿ ಪೂರ್ತಿ ಹಾವಿನ ತರ ಹೊರಗೆ ಬರೋದು ಅದರಿಂದಲೇ. ಆ ಪೊರೆ ಸುಲೀರಿ. ಪೂರ್ತಿ ಎಲ್ಲ ಬಳೇದೂ ಸುಲಿಯೋಕೆ ತಾಳ್ಮೆ ಬೇಕು ನಿಜ, ಮೂರು ಈರುಳ್ಳಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತೆ, ಮಕ್ಕಳನ್ನ ಕೂರಿಸ್ಕೊಳ್ಳಿ, ಅವರ ಸಣ್ಣ ಉಗುರಿಗೆ ಬೇಗ ಸಿಗುತ್ತೆ. ಈ ಒಂದು ಕೆಲಸ ಮಾಡಿದ್ರೆ ನಿಮ್ಮ ರಿಂಗ್ಸ್ ಅರ್ಧಕ್ಕಿಂತ ಜಾಸ್ತಿ ಸರಿಹೋಗುತ್ತೆ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ಬೇರೆಯೆಲ್ಲ ಹಾಗೇ ಇಟ್ಟು ಇದೊಂದನ್ನೇ ಬದಲಾಯಿಸಿ ನೋಡಿದ್ದೀನಿ.

ಸುಲಿಯೋಕೆ ಬರ್ತಾ ಇಲ್ಲ ಅಂದ್ರೆ ಬಿಡಿಸಿದ ಬಳೆಗಳನ್ನ ಒಂದು ಕವರಲ್ಲಿ ಹಾಕಿ ಫ್ರೀಜರಲ್ಲಿ ಒಂದು ಗಂಟೆ ಇಡಿ, ಗಟ್ಟಿಯಾದ್ಮೇಲೆ ತೆಗೆದು ನೀರಲ್ಲಿ ಹಾಕಿ ಕರಗಿಸಿ. ಒಳಗೆ ನೀರು ಮಂಜುಗಡ್ಡೆ ಆಗುವಾಗ ಈರುಳ್ಳಿಯ ಜೀವಕೋಶಗಳ ಗೋಡೆ ಒಡೆದಿರುತ್ತೆ, ಪೊರೆ ತಾನೇ ಸಡಿಲ ಆಗುತ್ತೆ, ಈರುಳ್ಳಿನೂ ಮೆತ್ತಗಾಗಿ ಕಚ್ಚಿದಲ್ಲೇ ತುಂಡಾಗುತ್ತೆ. ನಮ್ಮ ಕಡೆ ಮಳೆ ಗಾಳಿಗೆ ಕರೆಂಟ್ ಹೋದ್ರೆ ಎರಡು ದಿನ ಬರಲ್ಲ, ಹಾಗಿದ್ದಾಗ ಫ್ರೀಜರ್ ನಂಬೋಕಾಗಲ್ಲ, ಉಗುರೇ ಗತಿ.

ಆಮೇಲೆ ಒರೆಸೋದು. ಹಳೇ ಕಾಟನ್ ಪಂಚೆ ತುಂಡೋ ಟವಲ್ಲೋ ಹಾಸಿ ಬಳೆಗಳನ್ನ ಹರಡಿ ಮೇಲಿಂದ ಇನ್ನೊಂದು ಬಟ್ಟೆಯಿಂದ ಒತ್ತಿ. ಈ ಹಂತದಲ್ಲಿ ಉಪ್ಪು ಮುಟ್ಟಬೇಡಿ, ಬಜ್ಜಿ ಅಭ್ಯಾಸಕ್ಕೆ ಕೈ ಉಪ್ಪಿನ ಡಬ್ಬಿಗೆ ಹೋಗುತ್ತೆ, ಹಾಕಿದ್ರೆ ಐದು ನಿಮಿಷಕ್ಕೆ ಬಳೆ ಬೆವರೋಕೆ ಶುರು. ಒರೆಸಿದ ಮೇಲೆ ಒಂದು ಸ್ಟೀಲ್ ಡಬ್ಬಿಲಿ ಮೂರ್ನಾಲ್ಕು ಚಮಚ ಒಣ ಕಾರ್ನ್‌ಫ್ಲೋರ್ ಹಾಕಿ ಬಳೆಗಳನ್ನ ಅದರಲ್ಲಿ ಹಾಕಿ ಮುಚ್ಚಳ ಮುಚ್ಚಿ ಅಲ್ಲಾಡಿಸಿ. ಮೈಮೇಲೆ ಉಳಿದ ಪಸೆನ ಆ ಪುಡಿ ಹೀರ್ಕೊಂಡು ಒರಟಾದ ಮೈ ಕೊಡುತ್ತೆ, ಹಿಟ್ಟು ಹಿಡ್ಕೊಳ್ಳೋದು ಈರುಳ್ಳಿಯನ್ನಲ್ಲ, ಈ ಪುಡಿಯನ್ನ. ಜಾಸ್ತಿ ಪುಡಿ ಕೊಡವಿ, ಇಲ್ಲಾಂದ್ರೆ ಅದು ಎಣ್ಣೆಗೆ ಉದುರಿ ತಳದಲ್ಲಿ ಸೀಯುತ್ತೆ. ಮತ್ತೆ ಕಾರ್ನ್‌ಫ್ಲೋರ್ ಅಂದ್ರೆ ಆ ಬಿಳೀ ನುಣ್ಣನೆ ಪುಡಿ, ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ಅಲ್ಲ, ಇವೆರಡನ್ನ ಅದಲು ಬದಲು ಮಾಡಿ ಹಾಳು ಮಾಡ್ಕೊಂಡೋರನ್ನ ನೋಡಿದ್ದೀನಿ.

ಕಲಸೋ ಹಿಟ್ಟಿನ ಅಳತೆ ನಾನು ಮಾಡೋದು ಹೇಳ್ತೀನಿ, ಮೂರು ದೊಡ್ಡ ಈರುಳ್ಳಿಗೆ ಸಾಕಾಗುತ್ತೆ. ಮೈದಾ ಒಂದು ಲೋಟ, ಅಕ್ಕಿಹಿಟ್ಟು ಅರ್ಧ ಲೋಟ, ಕಾರ್ನ್‌ಫ್ಲೋರ್ ಕಾಲು ಲೋಟ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಉಪ್ಪು ಮುಕ್ಕಾಲು ಚಮಚ, ಅಚ್ಚಖಾರದಪುಡಿ ನಿಮ್ಮ ಮಕ್ಕಳಿಗೆ ಎಷ್ಟು ಆಗುತ್ತೋ ಅಷ್ಟು. ಮೈದಾ ಇಲ್ಲದೆ ಆಗಲ್ವಾ ಅಂತ ಕೇಳ್ತಾರೆ. ಮೈದಾ ಅಂಟು ಕೊಡುತ್ತೆ, ಹೊದಿಕೆ ಒಡೆಯದ ಹಾಗೆ ಹಿಡಿದಿಡುತ್ತೆ, ಆದ್ರೆ ಅದೇ ಅಂಟು ಜಾಸ್ತಿ ಆದ್ರೆ ರಿಂಗ್ಸ್ ಬ್ರೆಡ್ ತರ ಜಗಿಯೋ ಹಾಗಾಗುತ್ತೆ. ಅಕ್ಕಿಹಿಟ್ಟಲ್ಲಿ ಆ ಅಂಟು ಇಲ್ಲ, ಗರಿಗರಿ ಬರೋದು ಅದರಿಂದ, ಎಣ್ಣೆನೂ ಕಡಿಮೆ ಕುಡಿಯುತ್ತೆ. ಪೂರ್ತಿ ಅಕ್ಕಿಹಿಟ್ಟಲ್ಲೇ ಮಾಡಿದ್ರೆ ಬಳೆ ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿ ಪುಡಿಪುಡಿ ಉದುರುತ್ತೆ. ಹಾಗಾಗಿ ಎರಡೂ ಬೇಕು. ಪೇಟೆಯವರ ಅಳತೆಲಿ ಅಕ್ಕಿಹಿಟ್ಟು ಇಷ್ಟು ಇರಲ್ಲ, ಎರಡು ಮೂರು ಚಮಚ ಅಂತಾರೆ, ಒಣ ಹವೆಗೆ ಅದು ಸಾಕು, ನಮ್ಮ ಮಳೆಗೆ ಸಾಲಲ್ಲ. ಕಡ್ಲೆಹಿಟ್ಟು ಬೇಡ. ಕಡ್ಲೆಹಿಟ್ಟಿನ ರುಚಿ ನನಗೂ ಇಷ್ಟವೇ, ಆದ್ರೆ ಅದು ಆರ್ತಾ ಆರ್ತಾ ಬೇಗ ಮೆದುವಾಗುತ್ತೆ, ಬಜ್ಜಿನ ಬಿಸಿಲೇ ತಿಂದು ಮುಗಿಸ್ತೀವಿ ಅಂತ ನಮಗದು ಗೊತ್ತಾಗಲ್ಲ ಅಷ್ಟೇ.

ಅಕ್ಕಿಹಿಟ್ಟಿನ ಬಗ್ಗೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಮಿಲ್ಲಿಗೆ ಕೊಡೋ ಪದ್ಧತಿ ಇದೆಯಲ್ಲ, ಆ ಹಿಟ್ಟು ಮಳೆಗಾಲದಲ್ಲಿ ಒಳಗೊಳಗೇ ಪಸೆ ಹಿಡಿದಿರುತ್ತೆ, ಮುಷ್ಟಿಲಿ ಹಿಡಿದ್ರೆ ಉಂಡೆ ಕಟ್ಟುತ್ತೆ. ಅದನ್ನ ಒಣ ಬಾಣಲೆಲಿ ಸಣ್ಣ ಉರಿಲಿ ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ, ಬಣ್ಣ ತಿರುಗಬಾರದು, ಪೂರ್ತಿ ಆರಿಸಿ ಆಮೇಲೆ ಜರಡಿ ಹಿಡೀರಿ.

ನೀರಿನ ಬದಲು ಐಸ್ ಕೋಲ್ಡ್ ಸೋಡಾ ಹಾಕಿ. ಆನಿಯನ್ ರಿಂಗ್ಸ್ ಹುಟ್ಟಿದ್ದು ನಮ್ಮಲ್ಲಲ್ಲ, 1802ರ ಒಂದು ಇಂಗ್ಲಿಷ್ ಅಡುಗೆ ಪುಸ್ತಕದಲ್ಲೇ ಅರ್ಧ ಇಂಚು ದಪ್ಪದ ಈರುಳ್ಳಿ ಬಳೆನ ಮೈದಾ, ಕೆನೆ, ಚೀಸ್ ಕಲಸಿದ ಹಿಟ್ಟಲ್ಲಿ ಅದ್ದಿ ಹಂದಿ ಕೊಬ್ಬಲ್ಲಿ ಕರಿಯೋ ವಿಧಾನ ಬಂದಿದೆ, ಆಮೇಲೆ ಅಮೆರಿಕದ ಬರ್ಗರ್ ಅಂಗಡಿಗಳಲ್ಲಿ ಇದು ದೊಡ್ಡ ಹೆಸರಾಯ್ತು. ಅಲ್ಲಿ ಹಿಟ್ಟಿಗೆ ಬಿಯರ್ ಹಾಕ್ತಾರೆ, ಅದರ ಗುಳ್ಳೆಗೋಸ್ಕರ. ಗುಳ್ಳೆ ಕೊಡೋ ಕೆಲಸನ ನಮ್ಮ ಸೋಡಾನೂ ಮಾಡುತ್ತೆ, ಪೇಟೆಲಿ ಸಿಗೋ ಗೋಲಿ ಸೋಡಾ ಆದ್ರೂ ಆಗುತ್ತೆ, ಆದ್ರೆ ಸಪ್ಪೆ ಸೋಡಾ ಇರಬೇಕು, ನಿಂಬೆ ಸಿಹಿ ಹಾಕಿರೋದಲ್ಲ, ಸಕ್ಕರೆ ಇದ್ರೆ ಬೇಗ ಕಪ್ಪಾಗುತ್ತೆ. ಗುಳ್ಳೆಗಳು ಹಿಟ್ಟಿನಲ್ಲಿ ಸಿಕ್ಕಾಕ್ಕೊಂಡು ಎಣ್ಣೆಲಿ ಹಿಗ್ಗುತ್ತೆ, ಹೊದಿಕೆ ಹಗುರಾಗುತ್ತೆ. ಸೋಡಾ ಸಿಗಲಿಲ್ಲ ಅಂದ್ರೆ ಫ್ರಿಜ್ಜಿನ ತಣ್ಣೀರು, ಬೇಕಿಂಗ್ ಪೌಡರ್ ಹೇಗೂ ಇದೆಯಲ್ಲ, ನಡೆಯುತ್ತೆ. ತಣ್ಣಗೇ ಎಂಥಕ್ಕೆ ಅಂದ್ರೆ ಬೆಚ್ಚಗಿನ ನೀರಲ್ಲಿ ಮೈದಾದ ಅಂಟು ಬೇಗ ಏಳುತ್ತೆ. ಅಡುಗೆ ಸೋಡಾ ಪುಡಿ ಜಾಸ್ತಿ ಹಾಕಿ ಗರಿಗರಿ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡಿ, ಸೋಪಿನ ರುಚಿ ಬರುತ್ತೆ, ಎಣ್ಣೆ ಎಳ್ಕೊಳ್ಳುತ್ತೆ, ಕೆಂಪು ತಿರುಗಿ ಬೆಂದ ಹಾಗೆ ಕಾಣುತ್ತೆ ಒಳಗೆ ಹಸಿ ಇರುತ್ತೆ.

ಒಂದೂಕಾಲು ಲೋಟ ಸೋಡಾದಿಂದ ಶುರು ಮಾಡಿ, ಹಿಟ್ಟು ನೋಡ್ಕೊಂಡು ಒಂದೂವರೆ ತನಕ ಹೋಗಬಹುದು. ಉದ್ದಿನ ದೋಸೆ ಹಿಟ್ಟಿಗಿಂತ ಒಂಚೂರು ತೆಳ್ಳಗೆ, ನೀರುದೋಸೆಗಿಂತ ಎಷ್ಟೋ ಗಟ್ಟಿ. ಚಮಚ ಅದ್ದಿ ತೆಗೆದು ಅದರ ಹಿಂಬದಿ ಬೆರಳಲ್ಲಿ ಗೀರು ಎಳೆದ್ರೆ ಆ ಗೀರು ಮುಚ್ಕೊಳ್ಳದೆ ನಿಲ್ಲಬೇಕು. ಕಲಸುವಾಗ ದೋಸೆಹಿಟ್ಟು ತಿರುವಿದ ಹಾಗೆ ತಿರುವಬೇಡಿ, ಹತ್ತು ಹದಿನೈದು ಸುತ್ತು ಸಾಕು, ಸಣ್ಣ ಸಣ್ಣ ಗಂಟು ಉಳಿದ್ರೆ ಉಳೀಲಿ. ಮತ್ತೆ ಇದನ್ನ ಮೊದಲೇ ಕಲಸಿಡಬಾರದು. ಎಣ್ಣೆ ಕಾಯೋಕೆ ಇಟ್ಟು ಆಮೇಲೆ ಸೋಡಾ ಸುರೀರಿ, ಇಲ್ಲಾಂದ್ರೆ ಗುಳ್ಳೆಯೆಲ್ಲ ಹೋಗಿ ಬರೀ ಹಿಟ್ಟು ನೀರು ಉಳಿಯುತ್ತೆ.

ಎಣ್ಣೆ ವಿಷಯಕ್ಕೆ ಬರ್ತೀನಿ, ಇಲ್ಲಿ ನಿಧಾನಕ್ಕೆ ಓದಿ. ಸೂರ್ಯಕಾಂತಿ ಅಥವಾ ಶೇಂಗಾ ರಿಫೈಂಡ್ ಎಣ್ಣೆ ಆಗುತ್ತೆ. ಗಾಣದ ಕೊಬ್ಬರಿ ಎಣ್ಣೆ ಘಮ ಎಷ್ಟೇ ಚೆನ್ನಾಗಿದ್ರೂ 175 ಡಿಗ್ರಿ ಆಸುಪಾಸಿಗೇ ಹೊಗೆಯಾಡೋಕೆ ಶುರುವಾಗುತ್ತೆ, ನಮಗೆ ಬೇಕಾದ ಕಾವು ಅದಕ್ಕಿಂತ ಮೇಲೆ. ಕಬ್ಬಿಣದ ದಪ್ಪ ಬಾಣಲೆ ಇದ್ರೆ ಅದನ್ನೇ ತಗೊಳ್ಳಿ, ಕಾವು ಹಿಡಿದಿಡುತ್ತೆ, ತೆಳ್ಳಗಿನ ಅಲ್ಯೂಮಿನಿಯಂದರಲ್ಲಿ ನಾಲ್ಕು ಬಳೆ ಹಾಕಿದ ಕೂಡಲೇ ಎಣ್ಣೆ ತಣ್ಣಗಾಗುತ್ತೆ. ಎಣ್ಣೆ ಕನಿಷ್ಠ ಎರಡು ಇಂಚು ಆಳ ಇರಲಿ. ಎಣ್ಣೆ ಉಳಿಸೋಕೆ ಅಂತ ಸ್ವಲ್ಪ ಹಾಕಿದ್ರೆ ಅದೇ ಜಾಸ್ತಿ ಖರ್ಚಾಗೋದು, ಬಳೆ ತಳಕ್ಕೆ ಅಂಟುತ್ತೆ, ಕಾವು ಇಳಿಯುತ್ತೆ, ಹಿಟ್ಟು ಎಣ್ಣೆ ಹೀರುತ್ತೆ.

ಹೀರೋದು ಹೇಗೆ ಅಂತ ಗೊತ್ತಾದ್ರೆ ಕೈ ತಾನೇ ಸರಿಹೋಗುತ್ತೆ. ಬಳೆ ಕಾದ ಎಣ್ಣೆಗೆ ಬಿದ್ದಾಗ ಹಿಟ್ಟಿನ ನೀರು ಹಬೆಯಾಗಿ ಹೊರಗೆ ನುಗ್ಗುತ್ತೆ, ನಮಗೆ ಕಾಣೋ ಗುಳ್ಳೆ ಅದೇ. ಹಬೆ ಜೋರಾಗಿ ಹೊರಗೆ ಬರ್ತಾ ಇರೋ ತನಕ ಎಣ್ಣೆ ಒಳಗೆ ಹೋಗೋಕೆ ಆಗಲ್ಲ. ಎಣ್ಣೆ ಸಾಕಷ್ಟು ಕಾದಿಲ್ಲ ಅಂದ್ರೆ ಹಬೆಗೆ ಜೋರಿಲ್ಲ, ಹೊರಪದರ ಗಟ್ಟಿಯಾಗೋಕೆ ಹೊತ್ತು ಹಿಡಿಯುತ್ತೆ, ಅಷ್ಟೂ ಹೊತ್ತು ಹಿಟ್ಟು ಎಣ್ಣೆಲಿ ನೆನೆಯುತ್ತೆ. ಇನ್ನೊಂದು ಸಮಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ: ಎಣ್ಣೆಯಿಂದ ತೆಗೆದ ಮೇಲೆ. ಹೊರಗೆ ಬಂದು ತಣ್ಣಗಾಗ್ತಾ ಒಳಗಿನ ಹಬೆ ಮತ್ತೆ ನೀರಾಗಿ ಕುಗ್ಗುತ್ತೆ, ಆಗ ಮೈಮೇಲೆ ಅಂಟಿರೋ ಎಣ್ಣೆನ ಅದು ಒಳಗೆ ಎಳ್ಕೊಳ್ಳುತ್ತೆ. ಜಾಸ್ತಿ ಎಣ್ಣೆ ಒಳಗೆ ಹೋಗೋದೇ ಆಗ. ಅದಕ್ಕೇ ಜಾಲರಿ ಸೌಟಲ್ಲಿ ತೆಗೆದ ಕೂಡಲೇ, ಬಿಸಿ ಇರುವಾಗಲೇ, ಬಾಣಲೆ ಮೇಲೇ ಎರಡು ಮೂರು ಸಲ ಚೆನ್ನಾಗಿ ಜಾಡಿಸಿ. ನೀವು ಎಣ್ಣೆ ತುಂಬಾ ಕುಡಿಯುತ್ತೆ ಅಂದ್ರಲ್ಲ, ಒಂದು ಕಡೆ ಕಾವು ಕಡಿಮೆ ಇನ್ನೊಂದು ಕಡೆ ಜಾಡಿಸದೆ ತಟ್ಟೆಗೆ ಹಾಕೋದು, ಈ ಎರಡೂ ಸೇರಿರುತ್ತೆ.

ಒಂದೇ ಸಲಕ್ಕೆ ಕರಿಯೋದಾದ್ರೆ ಕಾವು ಎಷ್ಟು ಅಂದ್ರೆ 180 ಡಿಗ್ರಿ ಸೆಲ್ಸಿಯಸ್ ಹತ್ರ. ಅಡುಗೆ ಥರ್ಮಾಮೀಟರ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಒಂದು ಹನಿ ಹಿಟ್ಟು ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತ್ರೆ ಇನ್ನೂ ಕಾದಿಲ್ಲ. ಅರ್ಧ ಮುಳುಗಿ ಒಂದೆರಡು ಸೆಕೆಂಡಲ್ಲಿ ಮೇಲೆ ಬಂದು ಸುತ್ತ ಗುಳ್ಳೆ ಎದ್ರೆ ಸರಿಯಾಗಿದೆ. ಮುಳುಗದೇ ಮೇಲೇ ಚಟಚಟ ಅಂದು ಕೂಡಲೇ ಕೆಂಪಾದ್ರೆ ಉರಿ ಇಳಿಸಿ. ಒಂದು ಸಲಕ್ಕೆ ನಾಲ್ಕೈದು ಬಳೆ, ಅಷ್ಟೇ. ಮಕ್ಕಳು ಬಾಗಿಲಲ್ಲಿ ನಿಂತು ಆಯ್ತಾ ಆಯ್ತಾ ಅಂತಿದ್ರೂ ಹತ್ತು ಹಾಕ್ಬೇಡಿ. ಬಳೆನ ಒಂದು ಬಿದಿರು ಕಡ್ಡಿಲೋ ಚಮಚದ ತುದೀಲೋ ಎತ್ತಿ ಹಿಟ್ಟು ಸೋರೋ ತನಕ ಎರಡು ಸೆಕೆಂಡ್ ತಡೆದು ಎಣ್ಣೆ ಅಂಚಿಂದ ಮೆಲ್ಲಗೆ ಜಾರಿಸಿ, ಮೇಲಿಂದ ಬೀಳಿಸಬೇಡಿ.

ಹೆಂಚಿನ ಮನೇಲಿ ಒಲೆ ಮೇಲೆ ಮಳೆ ಹನಿ ಸೋರೋ ಜಾಗ ಇದ್ರೆ ದಯವಿಟ್ಟು ಅಲ್ಲಿ ಕರಿಯೋಕೆ ಕೂರಬೇಡಿ, ಒಂದು ಹನಿ ನೀರು ಕಾದ ಎಣ್ಣೆಗೆ ಬಿದ್ರೂ ಸಿಡಿದು ಮುಖಕ್ಕೆ ಬರುತ್ತೆ. ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕ್ಲೇಬಾರದು, ಗ್ಯಾಸ್ ಆಫ್ ಮಾಡಿ ದೊಡ್ಡ ತಟ್ಟೆ ಮುಚ್ಚಿ ದೂರ ನಿಲ್ಲಿ.

ಈಗ ಮಳೆಯ ಮಾತು. ನಮ್ಮ ಆಗುಂಬೆಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಅದರಲ್ಲಿ ಜುಲೈಯೇ ಜೋರು, ನಿಮ್ಮ ಹೊಸನಗರದ ಹುಲಿಕಲ್ ಕಡೆನೂ ಏನು ಕಡಿಮೆ ಇಲ್ಲ. ಬಟ್ಟೆ ವಾರ ಆದ್ರೂ ಒಣಗಲ್ಲ, ಉಪ್ಪಿನ ಮರಿಗೆ ನೀರೊಡೆಯುತ್ತೆ, ಬೆಂಕಿಪೊಟ್ಟಣ ಕಡ್ಡಿ ಹತ್ತಲ್ಲ. ಅಂಥ ಗಾಳಿಲಿ ಗರಿಗರಿಯಾದ ಹಿಟ್ಟಿನ ಪದರ ಎಷ್ಟು ಹೊತ್ತು ಇರುತ್ತೆ? ಗರಿಗರಿ ಅಂದ್ರೆ ನೀರು ಹೋಗಿ ಒಣಗಿದ ಹಿಟ್ಟು, ಅದಕ್ಕೆ ನೀರಿನ ಹಸಿವು ಇರುತ್ತೆ, ಒಳಗಿಂದ ಈರುಳ್ಳಿ ಹಬೆ ಕೊಡುತ್ತೆ, ಹೊರಗಿಂದ ಗಾಳಿ ಪಸೆ ಕೊಡುತ್ತೆ, ಎರಡು ಕಡೆಯಿಂದ ಕುಡಿದು ಮೆತ್ತಗಾಗುತ್ತೆ. ನಮ್ಮ ಹಿರಿಯರು ಹಪ್ಪಳ ಸಂಡಿಗೆ ಡಬ್ಬಿನ ಒಲೆ ಮೇಲಿನ ಅಟ್ಟದಲ್ಲಿ ಇಡ್ತಾ ಇದ್ರು, ಸಾಗರದ ಕಡೆಯೋರು ಕಾಗದದಷ್ಟು ತೆಳ್ಳಗಿರೋ ಸಿಹಿ ತಿಂಡಿ ತೊಡೆದೇವನ್ನ ಮಾಡಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚೋರು. ಆದ್ರೆ ಹಪ್ಪಳದಲ್ಲಿ, ತೊಡೆದೇವಲ್ಲಿ ಒಳಗೆ ನೀರಿಲ್ಲ, ಅದಕ್ಕೆ ಡಬ್ಬಿ ಮುಚ್ಚಿದ್ರೆ ಕಾಪಾಡುತ್ತೆ. ರಿಂಗ್ಸಲ್ಲಿ ಒಳಗೇ ನೀರಿದೆ, ಡಬ್ಬಿ ಮುಚ್ಚಿದ್ರೆ ಅದೇ ಕೊಲ್ಲುತ್ತೆ. ಇದು ನನಗೆ ಗೊತ್ತಾಗಿದ್ದು ಒಂದು ಶ್ರಾವಣದಲ್ಲಿ. ಒಂದು ಕಾರ್ಯಕ್ರಮಕ್ಕೆ ಇನ್ನೂರು ಜನಕ್ಕೆ ರಿಂಗ್ಸ್ ಒಪ್ಪಿಕೊಂಡಿದ್ದೆ, ಬಿಸಿ ಇರಲಿ ಅಂತ ಕರಿದ ಕೂಡಲೇ ಹಾಟ್‌ಬಾಕ್ಸಿಗೆ ತುಂಬಿ ಮುಚ್ಚಿ ಗಾಡಿಲಿ ಸಾಗಿಸಿದೆ, ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದ್ರೆ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಾ ಇತ್ತು, ಒಂದು ಬಳೆನೂ ಎತ್ತೋಕಾಗಲಿಲ್ಲ, ಎಲ್ಲ ಮುದ್ದೆ. ಅವತ್ತಿನ ದುಡ್ಡು ನಾನು ತಗೊಳ್ಳಲಿಲ್ಲ. ಆಮೇಲೆ ಮನೇಲಿ ಕೂತು ಮಾಡಿ ಮಾಡಿ ನೋಡಿದಾಗ ಎರಡು ಸಲ ಕರಿಯೋದು ಸರಿಯಾಗಿ ಬಂತು.

ಎರಡು ಸಲ ಅಂದ್ರೆ ಹೀಗೆ. ಮೊದಲು 170 ಡಿಗ್ರಿ ಹತ್ರ, ಒಂಚೂರು ಕಡಿಮೆ ಕಾವಲ್ಲಿ, ಎರಡು ನಿಮಿಷ, ನಡುವೆ ಒಮ್ಮೆ ಮಗುಚಿ, ಬಣ್ಣ ಇನ್ನೂ ಬಿಳಿಚಿಕೊಂಡೇ ಇರುವಾಗ ತೆಗೆದು ಜಾಲರಿ ಮೇಲೆ ಹರಡಿ. ಎಲ್ಲ ಬಳೆ ಹೀಗೇ ಮುಗಿಸಿ. ಐದು ಹತ್ತು ನಿಮಿಷ ಸುಮ್ನೆ ಬಿಟ್ರೆ ಈರುಳ್ಳಿಯ ನೀರು ಮೆಲ್ಲಗೆ ಹಿಟ್ಟಿನ ಪದರಕ್ಕೆ ಬಂದು ಸೇರುತ್ತೆ, ಮುಟ್ಟಿದ್ರೆ ಮೆತ್ತಗಾಗಿರುತ್ತೆ, ಗಾಬರಿ ಬೇಡ. ಈಗ ಎಣ್ಣೆನ 190 ಹತ್ರ ಕಾಯಿಸಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಕರೀರಿ, ಹೊರಗೆ ಬಂದಿದ್ದ ಆ ನೀರೂ ಹಾರಿಹೋಗುತ್ತೆ, ಹೊನ್ನಿನ ಬಣ್ಣ ಬರುತ್ತೆ. ಗುಳ್ಳೆ ಕಡಿಮೆಯಾಗ್ತಾ ಬರೋದನ್ನೇ ನೋಡ್ತಿರಿ, ಎಣ್ಣೆ ಸದ್ದು ಮೊರೆತದಿಂದ ಸಣ್ಣಗೆ ಚಿರಿಚಿರಿಗೆ ಇಳಿದ್ರೆ ತೆಗೆಯೋ ಹೊತ್ತಾಯ್ತು. ಇದರಲ್ಲಿ ಇನ್ನೊಂದು ಅನುಕೂಲ, ಮೊದಲ ಸಲದ್ದನ್ನ ಸಂಜೆ ನಾಲ್ಕಕ್ಕೇ ಮುಗಿಸಿಟ್ಟು ಮಕ್ಕಳು ಸ್ಕೂಲಿಂದ ನೆನ್ಕೊಂಡು ಬಂದು ಕೈಕಾಲು ತೊಳ್ಕೊಳ್ಳೋ ಹೊತ್ತಿಗೆ ಎರಡನೇ ಸಲ ಕರಿದು ಕೊಡಬಹುದು.

ತೆಗೆದಿದ್ದನ್ನ ಪೇಪರ್ ಮೇಲೆ ಹಾಕ್ಬೇಡಿ, ಅದರಲ್ಲೂ ಅಚ್ಚಾದ ನ್ಯೂಸ್‌ಪೇಪರ್ ಮೇಲಂತೂ ಬೇಡವೇ ಬೇಡ, ಶಾಯಿ ತಿಂಡಿಗೆ ಹತ್ತುತ್ತೆ. ಬಿಳೀ ಟಿಶ್ಯೂ ಆದ್ರೂ ತಳದಲ್ಲಿ ಹಬೆ ಸಿಕ್ಕಿ ಕೆಳಗಿನ ಮೈ ನೆನೆಯುತ್ತೆ. ಹಪ್ಪಳ ಸುಡೋ ಜಾಲರಿ ಎಲ್ಲರ ಮನೇಲೂ ಇರುತ್ತಲ್ಲ, ಅದನ್ನ ಒಂದು ತಟ್ಟೆ ಮೇಲೆ ಎತ್ತರಿಸಿ ಇಟ್ಟು ಅದರ ಮೇಲೆ ಒಂದರ ಮೇಲೆ ಒಂದು ಬೀಳದ ಹಾಗೆ ಹರಡಿ. ಸ್ಟೀಲ್ ಜರಡಿ ಬೋರಲು ಹಾಕಿದ್ರೂ ಆಗುತ್ತೆ. ಉಪ್ಪು ಬೇಕಿದ್ರೆ ಆಗ ಉದುರಿಸಿ. ಸೌದೆ ಒಲೆ ಇದ್ರೆ ಪಕ್ಕದ ಬೆಚ್ಚನೆ ಜಾಗದಲ್ಲಿ ಜಾಲರಿ ಇಟ್ಕೊಳ್ಳಿ, ಅಲ್ಲಿಯ ಗಾಳಿ ಒಣಗಿರುತ್ತೆ, ಒಂದು ಹತ್ತು ನಿಮಿಷ ಹೆಚ್ಚಿಗೆ ಗರಿಗರಿ ಸಿಗುತ್ತೆ. ಓವನ್ ಇರೋರು 100 ಡಿಗ್ರಿಲಿ ಇಡಬಹುದು. ಟೊಮೆಟೊ ಸಾಸನ್ನ ಮೇಲೆ ಸುರಿಯದೆ ಪಕ್ಕದಲ್ಲಿಡಿ. ನಮ್ಮನೇಲಿ ಸಾಸ್ ಕೇಳೋರು ಕಡಿಮೆ, ಜೀರಿಗೆ ಮೆಣಸು ಬೆಳ್ಳುಳ್ಳಿ ಹಾಕಿದ ಗಟ್ಟಿ ಚಟ್ನಿಗೇ ಮುಗಿಯುತ್ತೆ.

ಇನ್ನೂ ಗಟ್ಟಿ ಕುರುಕುಲು ಬೇಕು ಅಂದ್ರೆ ಹಿಟ್ಟಲ್ಲಿ ಅದ್ದಿದ ಬಳೆನ ರಸ್ಕ್ ಪುಡಿಲಿ ಹೊರಳಿಸಿ. ಬೇಕರಿ ರಸ್ಕನ್ನ ಮಿಕ್ಸಿಲಿ ಒಂದೇ ಸಲ ಗರ್ ಅನಿಸಿ ದಪ್ಪ ರವೆ ಹದಕ್ಕೆ ಬಿಡಿ, ನುಣ್ಣಗಾದ್ರೆ ಪ್ರಯೋಜನ ಇಲ್ಲ, ಸಿಹಿ ಕಡಿಮೆ ಇರೋ ರಸ್ಕ್ ನೋಡ್ಕೊಳ್ಳಿ. ಪುಡಿ ಹಚ್ಚಿದ್ದಕ್ಕೆ ಎರಡನೇ ಸಲ ಕರಿಯೋ ಅಗತ್ಯ ಅಷ್ಟು ಇಲ್ಲ. ಏರ್ ಫ್ರೈಯರ್ ಇರೋರಿಗೂ ಈ ರಸ್ಕ್ ವಿಧಾನವೇ ಗತಿ, ಬರೀ ತೆಳ್ಳನೆ ಹಿಟ್ಟು ಅದರಲ್ಲಿ ಗಟ್ಟಿಯಾಗೋ ಮೊದಲೇ ಸೋರಿ ತಳಕ್ಕೆ ಇಳಿಯುತ್ತೆ.

ಉಳಿದ ಎಣ್ಣೆ ತಣ್ಣಗಾದ್ಮೇಲೆ ಬಟ್ಟೆಲಿ ಸೋಸಿ, ತಳದ ಕರಕಲು ಪುಡಿ ಸೇರದ ಹಾಗೆ, ಬೆಳಕು ಬೀಳದ ಜಾಗದಲ್ಲಿ ಮುಚ್ಚಿಡಿ, ಒಗ್ಗರಣೆಗೋ ರೊಟ್ಟಿಗೋ ಬೇಗ ಮುಗಿಸಿ. ಅಂಗಡಿ ಹೋಟೆಲಿನೋರಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಒಂದು ಮಿತಿ ಹಾಕಿದೆ, ಕಾಯಿಸಿ ಕಾಯಿಸಿ ಎಣ್ಣೆಲಿ ಹುಟ್ಟೋ ಟೋಟಲ್ ಪೋಲಾರ್ ಕಾಂಪೌಂಡ್ಸ್ ಶೇಕಡಾ 25 ದಾಟಿದ್ರೆ ಆ ಎಣ್ಣೆ ಬಳಸೋ ಹಾಗಿಲ್ಲ. ಮನೇಲಿ ಅದನ್ನ ಅಳೆಯೋಕಾಗಲ್ಲ, ಬಣ್ಣ ಕಂದು ತಿರುಗಿ, ಮಂದವಾಗಿ, ಕಾಯಿಸಿದಾಗ ನೊರೆ ಎದ್ದು ನಿಂತು ಹಳೇ ವಾಸನೆ ಬಂದ್ರೆ ಎಸೀರಿ, ಆದ್ರೆ ಬಚ್ಚಲಿಗೆ ಸುರಿಯಬೇಡಿ.

ನಾಳೆನೇ ಮೂರು ಈರುಳ್ಳಿ ಹೆಚ್ಚೋದು ಬೇಡ. ಒಂದೇ ಈರುಳ್ಳಿ ತಗೊಂಡು ಅರ್ಧದ ಪೊರೆ ಸುಲೀರಿ, ಅರ್ಧ ಹಾಗೇ ಬಿಡಿ, ಒಂದೇ ಹಿಟ್ಟಲ್ಲಿ ಅದ್ದಿ ಒಂದೇ ಎಣ್ಣೆಲಿ ಕರಿದು ಎರಡನ್ನೂ ಕಚ್ಚಿ ನೋಡಿ. ಆಮೇಲೆ ಉಳಿದ ಹಿಟ್ಟು ಮತ್ತೆ ತೆಗೆದಿಟ್ಟ ಈರುಳ್ಳಿ ಮಧ್ಯಭಾಗ ಇದೆಯಲ್ಲ, ಅದನ್ನ ಸಣ್ಣಗೆ ಹೆಚ್ಚಿ, ಹಸಿಮೆಣಸು, ಕರಿಬೇವು, ಒಂದು ಹಿಡಿ ಅಕ್ಕಿಹಿಟ್ಟು ಜಾಸ್ತಿ ಸೇರಿಸಿ ಗಟ್ಟಿಯಾಗಿ ಕಲಸಿ ಅದೇ ಎಣ್ಣೆಲಿ ಸಣ್ಣ ಸಣ್ಣ ಬೋಂಡ ಬಿಟ್ಕೊಳ್ಳಿ, ದೊಡ್ಡೋರಿಗೆ ಕಾಫಿ ಜೊತೆ ಅದಾಗುತ್ತೆ.